ಕೆಂಪರಾಜನ ರೆಕಾರ್ಡಿಂಗು

ಅರಸೀಕೆರೆಯಲ್ಲಿ ದೇವೀರಮ್ಮ ಅಂತ ಒಬ್ಬಳು ತಾಯಿ. ಅವಳಿಗೊಬ್ಬ ಮಗ, ಕೆಂಪರಾಜ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಒಂದು ಚೂರೂ ಆಚೀಚೆ ಇಲ್ಲ. ಇಂಥ ಮಗನನ್ನು ಹೆರಲು ಪುಣ್ಯ ಮಾಡಿರಬೇಕು ಅಂತ ನೀವು ಅನ್ನಬಹುದು. ದೇವೀರಮ್ಮನೂ ಅನ್ನುತ್ತಿದ್ದಳು, ಹಣೆ ಹಣೆ ಚಚ್ಚಿಕೊಂಡು. ಮಗಳು ಯಶೋದೆಗೆ ಬಂದ ಎರಡು ಸಂಬಂಧ ಇವನನ್ನು ನೋಡಿಯೇ ಮುರಿದಿದ್ದವು. ಅಣ್ಣ ಹೀಗಾದರೆ ತಂಗಿ ಹೇಗೋ ಅಂದುಕೊಂಡು ಬಂದವರು ಕಾಫಿ ಕುಡಿದು ಎದ್ದು ಹೋಗಿದ್ದರು.

ಇವನಿಗೊಂದು ಕಸುಬು ಅಂತ ಆದರೆ ದಡ್ಡತನ ಮುಚ್ಚಿಹೋದೀತು ಅಂತ ಅವಳು ತನ್ನ ಅಣ್ಣನ ಮಗ ಲೋಹಿತನನ್ನು ಹಿಡಿದಳು. ಲೋಹಿತ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡಿ, ಆಡುತ್ತಾ ಮಾತಾಡಿ, ಅದರ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವವನು. ಇದನ್ನೂ ಜನ ಕೂತು ನೋಡುತ್ತಾರೆ. ದೇಶದಲ್ಲಿ ಕೆಂಪರಾಜ ಒಬ್ಬನೇ ಅಲ್ಲ.

ಲೋಹಿತ ಒಂದು ಕಂಪ್ಯೂಟರು, ಒಂದು ಮೈಕು ತಂದುಕೊಟ್ಟ. ಕೆಂಪರಾಜ ಆಡಿದ, ಮಾತಾಡಿದ, ರೆಕಾರ್ಡು ಮಾಡಿದ. ಕೇಳಿದರೆ ಬರೀ ಗುಂಡಿನ ಸದ್ದು, ಮಾತು ಎಲ್ಲೂ ಇಲ್ಲ. ಲೋಹಿತ ಬೈದ. "ಲೋ ಭಾವ, ಆಟದ ಸದ್ದು ಬೇರೆ ಇರಬೇಕು, ನಿನ್ನ ಮಾತು ಬೇರೆ ಇರಬೇಕು. ಎರಡನ್ನೂ ಕಲೆಸಬೇಡ."

ಕೆಂಪರಾಜ ಆಗಲಿ ಅಂದ. ಕಂಪ್ಯೂಟರು ಪಡಸಾಲೆಯಲ್ಲಿಟ್ಟ, ಮೈಕು ಅಡುಗೆಮನೆಯಲ್ಲಿಟ್ಟ. ಪಡಸಾಲೆಯಲ್ಲಿ ಒಂದು ಗುಂಡು ಹೊಡೆಯೋದು, ಅಡುಗೆಮನೆಗೆ ಓಡಿ "ಹೊಡೆದೆ" ಅನ್ನೋದು. ತಿರುಗಿ ಬರುವಷ್ಟರಲ್ಲಿ ಆಟದಲ್ಲಿ ಇವನು ಸತ್ತಿರೋದು. ಮತ್ತೆ ಓಡಿ "ಸತ್ತೆ" ಅನ್ನೋದು. ನಡುನಡುವೆ ದೇವೀರಮ್ಮನ ಒಗ್ಗರಣೆ ಚಟಪಟ. ಲೋಹಿತನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇರೆ ಮಾಡೋದು ಕಂಪ್ಯೂಟರಿನ ಒಳಗೆ, ಮನೆಯೊಳಗಲ್ಲ ಅಂತ ಅದನ್ನು ತಾನೇ ಸರಿಮಾಡಿಕೊಟ್ಟ. ನೀನು ಒಂದು ಕಡೆ ಕೂತು, ಕಣ್ಣೆದುರು ಏನು ನಡೆಯುತ್ತೋ ಅದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರು ಅಂದ.

ಆಗಲಿ ಅಂದ. ಮಾರನೆಯ ದಿನವೇ ಕಡೂರಿನಿಂದ ಯಶೋದೆಯನ್ನು ನೋಡಲು ಗಂಡಿನ ಕಡೆಯವರು ಬಂದರು. ಕೆಂಪರಾಜ ಒಂದು ಕಡೆ ಕೂತ. "ಗಂಡಿನ ಅಪ್ಪ ಎರಡನೇ ತಟ್ಟೆ ಉಪ್ಪಿಟ್ಟಿಗೆ ಕೈ ಹಾಕಿದ್ರು. ಗಂಡಿನ ಅಮ್ಮ ನಮ್ಮ ಗೋಡೆಯ ಬಿರುಕು ನೋಡ್ತಿದಾರೆ. ಗಂಡು ಹುಡುಗೀನ ಬಿಟ್ಟು ಚಕ್ಕುಲಿ ನೋಡ್ತಿದಾನೆ." ಈ ಸಂಬಂಧವೂ ಹೋಯಿತು ಅಂದುಕೊಂಡಳು ದೇವೀರಮ್ಮ. ಆದರೂ ಸಾವರಿಸಿಕೊಂಡು, ನಮ್ಮ ಹುಡುಗ ವಿಡಿಯೋ ಮಾಡೋನು, ಅಭ್ಯಾಸಬಲ ಅಂದಳು. ಬಂದವರು ಬಲು ತಮಾಷೆಯ ಹುಡುಗ ಅಂತ ನಕ್ಕರು, ಹುಡುಗಿಯನ್ನು ಒಪ್ಪಿದರು, ಮದುವೆಯ ವಿಡಿಯೋನೂ ಇವನೇ ಮಾಡಲಿ ಅಂದರು. ಅವರು ಅತ್ತ ಹೋದದ್ದೇ ತಾಯಿ ಮಗನಿಗೆ ಮಂಗಳಾರತಿ ಎತ್ತಿದಳು. ಇನ್ನೊಬ್ಬರು ಮಾತಾಡುವಾಗ ನೀನು ಬಾಯಿ ಮುಚ್ಚಿಕೊಂಡಿರು ಅಂದಳು.

ಆಗಲಿ ಅಂದ. ಆ ವಾರ ಲೋಹಿತ ಇವನ ಜೊತೆ ಸೇರಿ ಆಡಿದ. ಆಟದುದ್ದಕ್ಕೂ ಲೋಹಿತ ಮಾತಾಡುತ್ತಿದ್ದ. ಅಂದಮೇಲೆ ಕೆಂಪರಾಜ ತುಟಿ ಬಿಚ್ಚುವುದುಂಟೇ? ಶತ್ರು ಲೋಹಿತನ ಬೆನ್ನ ಹಿಂದೆ ಬಂದು ನಿಂತ, ಇವನು ನೋಡಿದ, ಸುಮ್ಮನಿದ್ದ. ಲೋಹಿತ ಆಟದಲ್ಲಿ ಸತ್ತ, ಸತ್ತ ಮೇಲೆ ಬೈದ. "ಬಾಯಿ ಮುಚ್ಚಿಸಬೇಕಾದ್ದು ಮಾತಿನ ಹಿಂದೆ ಬರೋ ಸದ್ದಿನದು ಭಾವ, ನಿನ್ನದಲ್ಲ. ಮುಖ್ಯವಾದ ಮಾತು ಬಂದಾಗ ಆ ಸದ್ದು ನಿಲ್ಲಿಸಿಬಿಡು. ಮಾತು ಕೇಳಬೇಕು." ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ. ಕೆಂಪರಾಜ ಆಗಲಿ ಅಂದ.

ಮದುವೆಯ ದಿನ ಬಂತು. ಕೆಂಪರಾಜ ಕ್ಯಾಮೆರಾ ನಿಲ್ಲಿಸಿ, ಪುರೋಹಿತರ ಶಲ್ಯಕ್ಕೆ ಮೈಕು ಸಿಕ್ಕಿಸಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಿಂತ. ಗಂಡು ತಾಳಿ ಎತ್ತಿದ. ಪುರೋಹಿತರು ಕೈಬೀಸಿ ಗಟ್ಟಿಮೇಳ ಅಂದರು. ಸೀನು, ಕೆಮ್ಮು, ಅಪಶಕುನದ ಮಾತು ಯಾವುದೂ ಆ ಗಳಿಗೆಯಲ್ಲಿ ಕಿವಿಗೆ ಬೀಳಬಾರದು ಅಂತಲೇ ಅಲ್ಲವೇ ಗಟ್ಟಿಮೇಳ? ಡೋಲು ಬಡಿಯಿತು, ನಾದಸ್ವರ ಕೂಗಿತು. ಹೆಡ್‌ಫೋನಿನಲ್ಲಿ ಮಂತ್ರ ಕೇಳಲೇ ಇಲ್ಲ. ಮಂತ್ರಕ್ಕಿಂತ ಮುಖ್ಯವಾದ ಮಾತು ಉಂಟೇ? ಕೆಂಪರಾಜ ಓಡಿಹೋಗಿ ಒಂದು ಕೈಯಲ್ಲಿ ಡೋಲಿನ ಕೋಲು ಹಿಡಿದ, ಇನ್ನೊಂದು ಕೈಯಲ್ಲಿ ನಾದಸ್ವರದ ಬಾಯಿಗೆ ಟವೆಲು ತುರುಕಿದ.

ಛತ್ರವೆಲ್ಲ ಗಪ್‌ಚುಪ್. ದೇವೀರಮ್ಮ ಮಾತ್ರ ಆ ವಾಲಗದ ಸದ್ದಿನಲ್ಲಿ ಕೇಳಲಿ ಅಂತ ಪಕ್ಕದಲ್ಲಿದ್ದ ಅತ್ತಿಗೆಯ ಕಿವಿಗೆ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. "ನನ್ನ ಮಗ ಶುದ್ಧ ದಡ್ಡ ಅಂತ ಬೀಗರಿಗೆ ಇನ್ನೂ ಗೊತ್ತಿಲ್ಲ ಅತ್ತಿಗೆ, ಮೂರು ಗಂಟು ಬಿದ್ದರೆ ಗೆದ್ದೆ!"

ಗಂಡಿನ ಕೈ ತಾಳಿ ಹಿಡಿದಲ್ಲೇ ನಿಂತಿತು. ಗಂಡಿನ ಅಪ್ಪ, ಏನಂದ್ರಿ ಬೀಗಿತ್ತಮ್ಮ ಅಂತ ಕೇಳಿದರು. ದೇವೀರಮ್ಮನ ಜೀವ ಬಾಯಿಗೆ ಬಂತು. ಏನೂ ಇಲ್ಲ, ಅಡುಗೆಯವರ ವಿಷಯ ಮಾತಾಡ್ತಿದ್ದೆ ಅಂತ ಅವಳು ಅನ್ನುವಷ್ಟರಲ್ಲಿ ಕೆಂಪರಾಜ ಪುರೋಹಿತರ ಮೈಕು ಕಿತ್ತು ತಂದು ಅವಳ ಬಾಯಿಗೆ ಹಿಡಿದ.

"ಅಮ್ಮ, ಮೊದಲಿಗೆ ವಾಲಗ ಕಲೆತುಹೋಯ್ತು. ನನ್ನ ಮಗ ಶುದ್ಧ ಅನ್ನೋ ಕಡೆಯಿಂದ ಇನ್ನೊಂದ್ಸಲ ಹೇಳು."

ಮೊದಲು ನಕ್ಕಿದ್ದು ಯಶೋದೆ, ತಲೆ ತಗ್ಗಿಸಿಕೊಂಡೇ. ಆಮೇಲೆ ಗಂಡು. ಇಂಥ ಭಾವ ಇರೋ ಮನೇಲಿ ಬೇಜಾರು ಅನ್ನೋದೇ ಇರಲ್ಲ ಅಂತ, ನಗುತ್ತಲೇ ಒಂದಾದ ಮೇಲೊಂದು ಗಂಟು ಹಾಕತೊಡಗಿದ. ದೇವೀರಮ್ಮನಿಗೆ ಹೋದ ಜೀವ ತಿರುಗಿ ಬಂತು, ಬಂದ ಜೀವದ ಜೊತೆಗೆ ಸಿಟ್ಟೂ ಬಂತು.

ಈಗಲೂ ಆ ಮದುವೆಯ ವಿಡಿಯೋ ಹಾಕಿದರೆ, ತಾಳಿ ಕಟ್ಟುವಾಗ ಗಟ್ಟಿಮೇಳವಿಲ್ಲ, ಮಂತ್ರವಿಲ್ಲ. ತಾಯಿ ಮಗನಿಗೆ ಬಯ್ಯೋದು ಮಾತ್ರ, ಬೇರೆ ಯಾವ ಸದ್ದೂ ಕಲೆಯದೆ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತದೆ.