ಹನ್ನೊಂದು ವರ್ಷ ಕೂತ ದೊರೆ

“ಕೇಳಿರಪ್ಪೋ ಕೇಳಿ! ಹಾಲುಗೋಟೆಯ ದೊರೆ ಬಾಚರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ. ದಿನಕ್ಕೊಂದು ಓಣಿ, ಓಣಿಗೊಬ್ಬ ಗಂಡಸು. ಬರುವುದಿಲ್ಲ ಎನ್ನುವ ಹಾಗಿಲ್ಲ!”

ಹೀಗೆ ಕೂಗುತ್ತಲೇ ಡಂಗುರದವನು ಬೆರಳಲ್ಲಿ ಓಣಿಗಳನ್ನು ಎಣಿಸುತ್ತಿದ್ದ. ಅವನ ಓಣಿಯ ಪಾಳಿ ದೂರವೇನೂ ಇರಲಿಲ್ಲ.

ಬಾಚರಸ ಹನ್ನೊಂದು ವರ್ಷದಿಂದ ಸಿಂಹಾಸನ ಬಿಟ್ಟು ಎದ್ದವನಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ. ಉಳಿದದ್ದನ್ನು ನಾನು ಹೇಳುವುದಿಲ್ಲ, ಪರದೆ ಹಿಡಿಯುವ ಆಳುಗಳನ್ನು ಕೇಳಿ. ಹಿಂದೆ ಅವನ ಚಿಕ್ಕಪ್ಪ ದೊರೆಯಾಗಿದ್ದ. ಆ ಚಿಕ್ಕಪ್ಪ ಒಮ್ಮೆ ಕೈ ತೊಳೆಯಲು ಎದ್ದು ಹೋದಾಗ ಬಾಚರಸ ಹೋಗಿ ಸಿಂಹಾಸನದ ಮೇಲೆ ಕೂತುಬಿಟ್ಟ. ಅಂದಿನಿಂದ ಅವನಿಗೆ ಒಂದೇ ಭಯ, ತಾನೆದ್ದರೆ ಇನ್ನೊಬ್ಬ ಕೂರುತ್ತಾನೆ ಎಂದು. ದೊರೆ ಕೂತಿರುವಾಗ ಆಸ್ಥಾನದಲ್ಲಿ ಯಾರೂ ಅಪ್ಪಣೆಯಿಲ್ಲದೆ ಏಳಬಾರದೆಂದು ಕಟ್ಟಳೆ ಬೇರೆ. ಕರಣಿಕರ ಸೊಂಟಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. “ಪ್ರಭುಗಳಿಗೆ ನೋವಿದೆ” ಎಂದ ರಾಜವೈದ್ಯನನ್ನು ದೊರೆ ಕೋಟೆಯ ಮೇಲಿಂದ ತಳ್ಳಿಸಿದ್ದ. ಆಮೇಲೆ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಮೊದಲ ದಿನ ದಳವಾಯಿ ಬಂದ. ದೊರೆ ಕೇಳಿದ: “ಕತ್ತಿಯಿಲ್ಲದೆ ಬೆನ್ನಿಗೆ ಇರಿಯುವವನು ಯಾರು? ನಡೆಯುವವನ ಗೋಜಿಗೆ ಹೋಗುವುದಿಲ್ಲ, ಕೂತವನನ್ನು ಬಿಡುವುದಿಲ್ಲ.”

“ದ್ರೋಹಿ, ಪ್ರಭು.”

ದೊರೆ ಬೆರಳೆತ್ತಿದ್ದೇ ಮೂಲೆಯಲ್ಲಿ ಕೂತಿದ್ದ ತಲೆ ಕಡಿಯುವ ಕಟುಕ ಕತ್ತಿ ಹಿಡಿದು ಎದ್ದ. ಎರಡನೆಯ ದಿನ ಬಂದ ಪಂಡಿತ ಅದೇ ಒಗಟಿಗೆ ಬೆವರೊರೆಸಿಕೊಳ್ಳುತ್ತ “ಪ್ರಭುಗಳ ಕೀರ್ತಿ” ಎಂದ. ಕೀರ್ತಿ ಎಲ್ಲಾದರೂ ಬೆನ್ನಿಗೆ ಇರಿಯುತ್ತದೆಯೇ? ಪಾಪ, ಅವನಿಗೆ ಸರಿಯುತ್ತರ ಗೊತ್ತಿತ್ತೆಂದೇ ನನ್ನ ಗುಮಾನಿ. ಆದರೆ ತಪ್ಪು ಹೇಳಿದರೂ ತಲೆ ಹೋಗುತ್ತಿತ್ತು, ದೊರೆಯ ನೋವನ್ನು ಹೆಸರಿಸಿದರೂ ಹೋಗುತ್ತಿತ್ತು.

ಮೂರನೆಯ ದಿನ ಕಲ್ಲುಕುಟಿಗರ ಓಣಿಯ ಪಾಳಿ. ಊರೂರು ಅಲೆದು ಸವೆದ ಬೀಸುಕಲ್ಲುಗಳನ್ನು ಚಾಣದಿಂದ ಕುಟ್ಟಿಕೊಡುವ ದುರುಗಪ್ಪ ಬಂದು ನಿಂತ. ಒಗಟು ಕೇಳಿದ ಮೇಲೆ ಅವನು ಸೋತೆನೆಂದು ಕೈ ಮುಗಿದ. ದೊರೆ ಬೆರಳೆತ್ತಿದ. ಕಟುಕ ಮುದುಕನ ಕುತ್ತಿಗೆಗೆ ಕೈ ಹಾಕಿದ.

“ನಮ್ಮಪ್ಪನ್ನ ಬಿಡ್ರೀ! ನಾ ಹೇಳ್ತೀನಿ!” ಬಾಗಿಲ ಗುಂಪನ್ನು ಸೀಳಿಕೊಂಡು ಅವನ ಮಗಳು ಹುಲಿಗಿ ಓಡಿ ಬಂದಳು. ಚಾಣದ ಬುಟ್ಟಿ ತಲೆಯ ಮೇಲೇ ಇತ್ತು.

“ತಪ್ಪಿದರೆ ಎರಡು ತಲೆ” ಎಂದ ದೊರೆ.

ದುರುಗಪ್ಪ ಬೇಡವೆಂದು ತಲೆಯಾಡಿಸಿದ. ಹುಲಿಗಿ ಬುಟ್ಟಿ ಕೆಳಗಿಟ್ಟಳು.

“ಬೆನ್ನುನೋವು.”

“ಯಾರ ಬೆನ್ನು?”

ಪಕ್ಕದಲ್ಲಿ ಕೂತಿದ್ದ ಮಂತ್ರಿ ಎರಡೂ ಕಿವಿ ಮುಚ್ಚಿಕೊಂಡ.

“ನಿಮ್ದ ದೊರೀ. ನಾವೂ ಕೂತ ಕುಟ್ಟೋರು. ಕೂತು ಕೂತು ಸೊಂಟದಾಗ ಚಾಣ ಹೊಡದಂಗ ಆಗ್ತದ. ಎದ್ದು ಮುಂದಿನ ಊರಿಗೆ ನಡದ್ರ ಬಿಡ್ತದ. ನೀವು ಏಳಲೇ ಇಲ್ಲ.”

ಕಟುಕ ಕತ್ತಿ ಎತ್ತಿ ದೊರೆಯ ಬೆರಳನ್ನೇ ನೋಡಿದ. ಬೆರಳು ಅಲ್ಲಾಡಲಿಲ್ಲ.

“ನನಗಿಬ್ಬರು ಆಳುಗಳು. ಹನ್ನೊಂದು ವರ್ಷ ಕೆಲಸ ಕೊಡದೆ, ಎಣ್ಣೆ ತಿಕ್ಕಿಸಿ ಸಾಕಿದೆ. ಈಗ ಕರೆದರೆ ಓಗೊಡುವುದಿಲ್ಲ. ಯಾರವರು?” ದೊರೆ ಎರಡನೆಯ ಒಗಟು ಹಾಕಿದ.

ಹುಲಿಗಿ ಪೀಠದ ಕೆಳಗೆ ನೋಡಿದಳು. ಮೀನಖಂಡ ಕರಗಿತ್ತು, ಪಾದ ಬಾತಿತ್ತು. “ನಿಮ್ಮ ಕಾಲು.”

ದೊರೆಯ ದನಿ ತಗ್ಗಿತು. “ಎದ್ದರೆ ರಾಜ್ಯ ಹೋಗುತ್ತದೆ. ಕೂತೇ ಇದ್ದರೆ ಜೀವ ಹೋಗುತ್ತದೆ. ಎರಡೂ ಉಳಿಯುವ ದಾರಿ ಯಾವುದು?”

ಇದಕ್ಕೆ ಉತ್ತರ ದೊರೆಗೂ ಗೊತ್ತಿಲ್ಲವೆಂದು ಹುಲಿಗಿಗೆ ತಟ್ಟನೆ ಹೊಳೆಯಿತು. ಸರಿ ಹೇಳಿದರೂ ಸರಿ ಎನ್ನುವವರು ಯಾರು?

“ಇದನ್ನ ಬಾಯಿಲೆ ಹೇಳಿದ್ರ ನೀವು ನಂಬಂಗಿಲ್ಲ. ಬೀಸೋ ಕಲ್ಲು ಸವೆದ್ರ ಮ್ಯಾಲಿನ ಕಲ್ಲು ಇಳಿಸಿ ಕುಟ್ತೀವಿ. ಇಳಿಸಿದ್ರ ಅದರ ಜಾಗ ಎಲ್ಲಿಗೂ ಹೋಗಂಗಿಲ್ಲ. ಎದ್ದು ಕೆರೀ ತನಕ ನಡದು ಬರ್ರಿ. ಅಷ್ಟರಾಗ ಯಾರರ ಅಲ್ಲಿ ಕೂತಿದ್ರ ನಮ್ಮಿಬ್ಬರ ತಲಿ ತಗೀರಿ.”

ಆಸ್ಥಾನದಲ್ಲಿ ಇನ್ನೂರು ಜನರಿದ್ದರು. ಅವರಲ್ಲಿ ಒಬ್ಬನಿಗೆ ಆಸೆ ಹುಟ್ಟಿದರೆ ಮುಗಿಯಿತು.

ದೊರೆ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡಿದ. ಕೊನೆಗೆ ಹುಲಿಗಿಯ ಭುಜ ಹಿಡಿದು ಎದ್ದವನು ನೋವಿಗೆ ಕಿರುಚಿದ. ದುರುಗಪ್ಪ ಕಟುಕನ ಕೈಯಲ್ಲೇ ಉಳಿದ. ಹೆಜ್ಜೆಹೆಜ್ಜೆಗೂ ದೊರೆ ಹಿಂತಿರುಗಿ ನೋಡುತ್ತಿದ್ದ, ಹುಲಿಗಿಯೂ ನೋಡುತ್ತಿದ್ದಳು. ಕೆರೆ ಮುಟ್ಟಿ ಮರಳುವಾಗ ದೊರೆಯ ಕಾಲು ತುಸು ಹಗುರಾಗಿತ್ತು. ಹುಲಿಗಿಯ ಕಾಲು ಮಾತ್ರ ಕಲ್ಲಾಗಿತ್ತು.

ಬಾಗಿಲಲ್ಲಿ ಇಬ್ಬರೂ ನಿಂತರು.

ಸಿಂಹಾಸನ ಖಾಲಿಯಿತ್ತು. ಅದರ ಕಡೆ ಯಾರೂ ನೋಡುತ್ತಲೂ ಇರಲಿಲ್ಲ. ದೊರೆ ಎದ್ದನೆಂದು ತಾವೂ ಎದ್ದ ಕರಣಿಕರು ಕಂಬಗಳಿಗೆ ಬೆನ್ನು ಒತ್ತಿ ಅಳುತ್ತಿದ್ದರು, ಕೆಲವರು ನಗುತ್ತಿದ್ದರು. ಮಂತ್ರಿ ಕೈ ಮೇಲೆತ್ತಿ ಮೈ ಮುರಿಯುತ್ತಿದ್ದ. ಕಟುಕ ಕತ್ತಿಯನ್ನು ಗೋಡೆಗೆ ಒರಗಿಸಿ ಬೋರಲು ಮಲಗಿದ್ದ, ದುರುಗಪ್ಪ ಮೆಲ್ಲಗೆ ಅವನ ಸೊಂಟ ತುಳಿಯುತ್ತಿದ್ದ.

“ಯಾರಿಗೂ ಬೇಡವಾಗಿತ್ತೇ?” ಎಂದ ದೊರೆ. ಅವನ ಕಣ್ಣು ತುಂಬಿ ಬಂತು. “ಇದಕ್ಕಾಗಿ ಎಷ್ಟು ತಲೆ ತೆಗೆಸಿದೆ!”

ದೊರೆ ಕಟ್ಟಳೆಯನ್ನೂ ಒಗಟುಗಳನ್ನೂ ಅಂದೇ ರದ್ದು ಮಾಡಿ, ಏನು ಬೇಕೆಂದು ಹುಲಿಗಿಯನ್ನು ಕೇಳಿದ. “ನಮ್ಮಪ್ಪ” ಎಂದಳು. ಅವನು ಹೊನ್ನಿನ ಜೊತೆಗೆ ಪಲ್ಲಕ್ಕಿಯನ್ನೂ ತರಿಸಿದ. ಹುಲಿಗಿ ಹೊನ್ನನ್ನು ಬುಟ್ಟಿಗೆ ಹಾಕಿಕೊಂಡಳು.

“ಪಲ್ಲಕ್ಕಿ ಒಲ್ಲೆ ದೊರೀ. ಅದರಾಗೂ ಕೂತ ಹೋಗಬೇಕಲ್ಲ.”

ಅಪ್ಪ ಮಗಳು ಮುಂದಿನ ಊರಿಗೆ ನಡೆದರು. ಕತೆ ಹೇಳುತ್ತ ನಾನೂ ಕೂತು ಬಹಳ ಹೊತ್ತಾಯಿತು, ಏಳುತ್ತೇನೆ. ನೀವೂ ಏಳಿ, ನಿಮ್ಮ ಜಾಗ ಯಾರೂ ಒಯ್ಯುವುದಿಲ್ಲ.