ಹುಲಿಗೆವ್ವನ ಮೈಮೇಲಿನ ಕಲೆಗಳು

ಕೇದಾರ ಅಂದು ಹಳ್ಳಿಯಿಂದ ಆಶ್ರಮಕ್ಕೆ ತಲೆ ಎತ್ತಿಕೊಂಡು ಮರಳಿದ. ವೈದ್ಯಗುರು ಮರಿಬಸಯ್ಯನವರ ಬಳಿ ಏಳು ವರ್ಷ ಕಲಿತ ಮೇಲೆ, ಮೊದಲ ಸಲ ಒಬ್ಬನೇ ಹೋಗಿ ರೋಗಿಯನ್ನು ನೋಡಿ ಬಂದಿದ್ದ.

ಮರಿಬಸಯ್ಯ ಹೊಳೆದಂಡೆಯಲ್ಲಿ ಕೂತು ಬೇರು ತೊಳೆಯುತ್ತಿದ್ದರು.

"ಏನಾಗಿತ್ತು?"

"ರೋಗ ಅಲ್ಲ ಗುರುಗಳೇ, ಏಟು. ಹರಿಗೋಲಿನ ದುರುಗಪ್ಪನ ಹೆಂಡತಿ ಹುಲಿಗೆವ್ವ. ತೋಳು, ಮೀನಖಂಡ ಎಲ್ಲ ಕಪ್ಪುಗಟ್ಟಿವೆ. ಎದ್ದು ನಿಲ್ಲೋಕೂ ಆಗ್ತಿಲ್ಲ. ಇದು ಏಟಿನ ಗುರುತೇನು ಅಂತ ಗೌಡರು ಕೇಳಿದರು. ಹೌದು ಅಂದೆ."

"ಆಮೇಲೆ?"

"ದುರುಗಪ್ಪನ ಹರಿಗೋಲು ಕಿತ್ತುಕೊಂಡರು. ನಾಳೆ ಅವನು ಊರು ಬಿಡಬೇಕು."

ಮರಿಬಸಯ್ಯ ತೊಳೆಯುವುದನ್ನು ನಿಲ್ಲಿಸಿದರು.

"ಹುಲಿಗೆವ್ವ ಏನಂದಳು?"

"ಹೊಡೆದಿಲ್ಲ ಅಂದಳು. ಹೆದರಿದ ಹೆಂಗಸರು ಹಾಗೇ ಅಲ್ಲವೇ ಅನ್ನೋದು?"

ಕೇದಾರನ ಮುಂಗೈ ಮೇಲೆ ಸೊಳ್ಳೆ ಕಚ್ಚಿ ಕೆಂಪಗಾಗಿತ್ತು. ಗುರು ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಬಿಟ್ಟರು. ಕೆಂಪು ಮಾಯವಾಗಿ, ಮೆಲ್ಲಗೆ ಮರಳಿ ಬಂತು.

"ದಾರಿಯಲ್ಲೇ ಇರುವ ರಕ್ತ, ಒತ್ತಿದರೆ ಸರಿದುಕೊಂಡು ಮತ್ತೆ ಬರುತ್ತದೆ. ದಾರಿ ಬಿಟ್ಟು ಹೊರಗೆ ಸೋರಿದ್ದು ಎಷ್ಟು ಒತ್ತಿದರೂ ಕದಲುವುದಿಲ್ಲ. ಅವಳ ಮೊಣಕಾಲ ಕೆಳಗೆ, ಒಂದೊಂದು ಕೂದಲ ಬುಡದಲ್ಲೂ ಸಾಸಿವೆಯಷ್ಟು ಕೆಂಪು ಚುಕ್ಕೆ ಇದ್ದವೇ? ಒತ್ತಿ ನೋಡಿದೆಯಾ?"

"ಚುಕ್ಕೆ ಇದ್ದವು. ಒತ್ತಲಿಲ್ಲ."

"ಬಾಯಿ ತೆರೆಸಿ ನೋಡಿದೆಯಾ?"

ಕೇದಾರ ಇಲ್ಲವೆಂದು ತಲೆಯಾಡಿಸಿದ.

"ಕೂದಲಿನ ಬುಡ ಹುಡುಕಿ ಹುಡುಕಿ ಹೊಡೆಯುವ ಗಂಡನನ್ನು ನಾನಂತೂ ಕಂಡಿಲ್ಲ," ಎಂದು ಮರಿಬಸಯ್ಯ ಎದ್ದರು. "ನಡಿ."

ದುರುಗಪ್ಪನ ಗುಡಿಸಲ ಮುಂದೆ ಜನ ಸೇರಿತ್ತು. ಗುರು ಎಲ್ಲರನ್ನೂ ಆಚೆ ಕಳಿಸಿದರು. ಗೌಡರ ತಾಯಿ ನೀಲವ್ವ ಒಬ್ಬರನ್ನು ಮಾತ್ರ ಒಳಗೆ ಉಳಿಸಿಕೊಂಡರು.

"ತಾಯಿ, ಇಲ್ಲಿ ಈಗ ನಿನ್ನ ಗಂಡ ಇಲ್ಲ. ಹೆದರಬೇಡ. ಇದು ಹೇಗಾಯಿತು?"

"ಅಜ್ಜಾ, ಆಗಲೇ ಹೇಳೀನಿ. ಅವರು ನನ್ನ ಮೇಲೆ ಕೈ ಎತ್ತಿಲ್ಲ. ತಾವೇ ಮೂಡ್ತಾವ. ಯಾರೂ ನಂಬಲ್ಲ."

"ನಾನು ನಂಬಿದೆ. ಬಾಯಿ ತೆರೆ."

ಒಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹತ್ತಿ ತಾಗಿಸಿದರೆ ಸಾಕು, ರಕ್ತ ಜಿನುಗಿತು. ಕೇದಾರ ಅವಳ ಕಾಲಿನ ಚುಕ್ಕೆಯೊಂದನ್ನು ಒತ್ತಿ ನೋಡಿದ. ಅದು ಕದಲಲಿಲ್ಲ. ಪಕ್ಕದ್ದನ್ನೂ ಒತ್ತಿದ. ಅದೂ ಕದಲಲಿಲ್ಲ.

"ಏನು ಊಟ ಮಾಡ್ತೀಯ?" ಎಂದರು ಗುರು.

"ಜೋಳದ ನುಚ್ಚು. ಉಪ್ಪು."

"ಮತ್ತೆ?"

"ಅಷ್ಟೇ ರೀ."

ಕಾರಣ ಅವಳೇ ಹೇಳಿದಳು. ಆರು ತಿಂಗಳ ಹಿಂದೆ ಹೊಳೆ ತುಂಬಿ ಬಂದಾಗ ದುರುಗಪ್ಪನ ಹರಿಗೋಲು ಮಗುಚಿತ್ತು. ಎರಡು ದಿನ ಅವನ ಸುಳಿವೇ ಇರಲಿಲ್ಲ. ಅವನು ಬದುಕಿ ಬಂದರೆ ಒಂದು ವರ್ಷ ತನ್ನ ಪಾಲಿಗೆ ಒಲೆ ಮೇಲೆ ನುಚ್ಚು ಬಿಟ್ಟು ಬೇರೇನೂ ಇಡುವುದಿಲ್ಲ ಎಂದು ಹುಲಿಗೆವ್ವ ಹೊಳೆಗೆ ಹರಕೆ ಹೊತ್ತಿದ್ದಳು. ಮೂರನೆಯ ದಿನ ಅವನು ಬಂದ. ಅಂದಿನಿಂದ ಅವಳು ನುಚ್ಚಿನ ಮೇಲೇ ಇದ್ದಳು.

"ಸೊಪ್ಪಿಲ್ಲ, ಹುಳಿಯಿಲ್ಲ, ಹಣ್ಣಿಲ್ಲ. ಮೈಯೊಳಗೆ ರಕ್ತ ಹಿಡಿದಿಡುವ ಗೋಡೆಗಳು ಸಡಿಲಾಗಿವೆ," ಎಂದರು ಗುರು.

"ಹರಕೆ ಮಾತ್ರ ಮುರಿಯಾಕಿಲ್ಲ, ಅಜ್ಜಾ. ಜೀವ ಹೋದರೂ ಸರಿ."

ಮರಿಬಸಯ್ಯ ಒತ್ತಾಯ ಮಾಡಲಿಲ್ಲ. ಕೇದಾರನ ಕಡೆ ನೋಡಿದರು. ಕೇದಾರ ಅವಳ ಹರಕೆಯ ಮಾತನ್ನು ಒಂದೊಂದಾಗಿ ಮತ್ತೆ ನೆನೆದ. ಈ ಸಲ ಒಂದು ಅಕ್ಷರವನ್ನೂ ಬಿಡಲಿಲ್ಲ.

"ಅಕ್ಕಾ," ಎಂದ, "ಹರಕೆ ಇರೋದು ಒಲೆ ಮೇಲೆ ಇಡೋದಕ್ಕೆ ತಾನೇ? ನೆಲ್ಲಿಕಾಯಿ ಒಲೆ ಹತ್ತೋದೇ ಬೇಡವಲ್ಲ."

ಹುಲಿಗೆವ್ವ ಸುಮ್ಮನೆ ಅವನನ್ನೇ ನೋಡಿದಳು. ಆಮೇಲೆ, ಒಸಡು ನೋಯುತ್ತಿದ್ದರೂ, ನಕ್ಕುಬಿಟ್ಟಳು.

"ಹೌದಲ್ಲಾ! ನಿಂಬೆಹಣ್ಣೂ ಹತ್ತಾಕಿಲ್ಲ."

ಹೊರಗೆ ಗೌಡರು ಒಪ್ಪಲಿಲ್ಲ.

"ಅಜ್ಜಾರೇ, ನಿಮ್ಮ ಶಿಷ್ಯನೇ ಏಟು ಅಂದಾನ. ಈಗ ನೀವು ಕಾಯಿಲೆ ಅಂತೀರಿ. ಯಾರನ್ನ ನಂಬೋಣ?"

ಕೇದಾರ ಮುಂದೆ ಬಂದ. 

"ನಾನು ಸರಿಯಾಗಿ ನೋಡದೆ ಹೇಳಿದೆ ಗೌಡರೇ. ತಪ್ಪು ನನ್ನದು. ಹದಿನೈದು ದಿನ ಕೊಡಿ. ಅಲ್ಲಿವರೆಗೆ ದುರುಗಪ್ಪ ಆಶ್ರಮದಲ್ಲಿರಲಿ, ಅವಳ ಹತ್ತಿರ ಸುಳಿಯೋದು ಬೇಡ. ಅವಳು ಗುಣವಾಗದಿದ್ದರೆ ಅವನ ಜೊತೆ ನಾನೂ ಊರು ಬಿಡ್ತೀನಿ."

ಗೌಡರು ಹದಿನೈದು ದಿನ ಕೊಟ್ಟರು. ಕೇದಾರನಿಗೆ ಗುರುವಿನ ಮುಖ ನೋಡುವ ಧೈರ್ಯ ಬರಲಿಲ್ಲ.

ನೀಲವ್ವ ಹುಲಿಗೆವ್ವನನ್ನು ತಮ್ಮ ಮನೆಗೇ ಕರೆದೊಯ್ದರು. ಕೇದಾರ ದಿನಾ ಬೆಳಿಗ್ಗೆ ಬೆಟ್ಟ ಹತ್ತಿ ನೆಲ್ಲಿಕಾಯಿ ಕಿತ್ತು ತಂದು, ಜಜ್ಜಿ, ರಸ ಹಿಂಡಿ ಕುಡಿಸುತ್ತಿದ್ದ.

ಎರಡನೆಯ ಬೆಳಿಗ್ಗೆಯೇ ನೀಲವ್ವ ಅಂಗಳಕ್ಕೆ ಓಡಿ ಬಂದು ಮಗನನ್ನು ಕೂಗಿದರು.

"ಲೋ, ರಾತ್ರಿಯೆಲ್ಲ ನನ್ನ ಮಗ್ಗುಲಲ್ಲೇ ಮಲಗಿದ್ದಳು. ಈಗ ನೋಡಿದರ ಭುಜದ ಮ್ಯಾಲೆ ಹೊಸದೊಂದು ಕಲೆ! ಯಾರೋ ಹೊಡೆದವರು? ನಾನೇನೋ?"

ಗೌಡರು ತಲೆ ಕೆರೆದುಕೊಂಡರು.

ನಾಲ್ಕನೆಯ ದಿನ ಒಸಡಿನ ರಕ್ತ ನಿಂತಿತು. ಏಳನೆಯ ದಿನ ಅವಳು ಗೋಡೆ ಹಿಡಿದು ಎದ್ದಳು. ಕಪ್ಪು ಕಲೆಗಳು ಹಸಿರಾದವು, ಹಸಿರು ಹಳದಿಗೆ ತಿರುಗಿತು. ಹೊಸ ಚುಕ್ಕೆ ಒಂದೂ ಮೂಡಲಿಲ್ಲ. ದುರುಗಪ್ಪ ಆಶ್ರಮದಲ್ಲಿ ಕೂತು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ, "ನಿಂತಳಾ? ನಡೆದಳಾ?"

ಹದಿನೈದನೆಯ ದಿನ ಹುಲಿಗೆವ್ವ ಗೌಡರ ಮನೆಯಿಂದ ಹೊರಗೆ ಬಂದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಊರ ಬೀದಿಯುದ್ದಕ್ಕೂ ನಡೆದಳು. ಮನೆಮನೆಯಿಂದ ಜನ ಎದ್ದು ಹಿಂದೆ ಬಂದರು. ಹೊಳೆದಂಡೆಯಲ್ಲಿ ಗುರು, ಕೇದಾರ, ದುರುಗಪ್ಪ ನಿಂತಿದ್ದರು.

ಕೇದಾರ ಎಲ್ಲರೆದುರು ದುರುಗಪ್ಪನ ಕಾಲು ಮುಟ್ಟಿದ. ದುರುಗಪ್ಪ ಅವನನ್ನು ಎತ್ತಿದ, ಆದರೆ ಕಣ್ಣು ಹೆಂಡತಿಯ ಮೇಲೇ ಇತ್ತು. 

ಗೌಡರು ಗಂಟಲು ಸರಿಮಾಡಿಕೊಂಡರು. "ದುರುಗಪ್ಪ, ನಿನ್ನ ಹರಿಗೋಲು ತಗೋ. ನಮ್ಮಿಂದ ತಪ್ಪಾಯ್ತು."

"ನನಗ ಕೊಡ್ರಿ," ಎಂದಳು ಹುಲಿಗೆವ್ವ. "ಅದನ್ನ ನಾನೂ ನಡೆಸತೀನಿ. ಎಲ್ಲಾರೂ ಹತ್ರಿ. ಗೌಡ್ರೇ, ನೀವು ಮೊದಲು."

ಗೌಡರು ಹತ್ತಿದರು. ನೀಲವ್ವ ಸೆರಗು ಸಿಕ್ಕಿಸಿಕೊಂಡು ಹತ್ತಿದರು. ಗುರು ಹತ್ತಿದರು, ಕೇದಾರ ಹತ್ತಿದ. ದುರುಗಪ್ಪ ಹುಟ್ಟಿಗೆ ಕೈ ಚಾಚಿದ. ಅವಳು ಕಣ್ಣಲ್ಲೇ ಅವನನ್ನು ಕೂರಿಸಿದಳು.

ಹರಿಗೋಲು ಒಂದು ಸುತ್ತು ತಿರುಗಿ, ನೇರವಾಗಿ ಹೊರಟಿತು. ದಂಡೆಯ ಮೇಲಿದ್ದವರು ಕೇಕೆ ಹಾಕಿದರು. ಹುಟ್ಟು ಎತ್ತುವಾಗಲೆಲ್ಲ ಅವಳ ತೋಳಿನಲ್ಲಿ ಕೊನೆಯ ತೆಳು ಹಳದಿ ಕಾಣುತ್ತಿತ್ತು. ನಡುಹೊಳೆಯ ಸೆಳವಿನಲ್ಲಿ ಅವಳು ಮೈಯೆಲ್ಲ ಬಾಗಿಸಿ ಎಳೆದಳು. ಗೌಡರು ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಕೇದಾರನಿಗೆ ಕಣ್ಣು ತುಂಬಿ ಬಂತು. ಹಿಂದೆಯೇ ದಿಗಿಲೂ ಆಯಿತು. ಗುರುವಿನ ಕಿವಿಯಲ್ಲಿ ಮೆಲ್ಲಗೆ ಕೇಳಿದ, "ಗುರುಗಳೇ, ಇಷ್ಟು ಬೇಗ ಇಷ್ಟು ಶ್ರಮ ಬೇಡ ಅಂತ ಅವಳಿಗೆ ಹೇಳಲೇ?"

ಮರಿಬಸಯ್ಯ ನಕ್ಕರು.

"ನಡುನೀರಿನಲ್ಲಿದ್ದೀಯ, ಕೇದಾರ. ಇಲ್ಲಿ ಗುರು ಅವಳು. ಸುಮ್ಮನೆ ಕೂತುಕೋ."