ತಿರುಗಿಸಿ ಹೊಲಿದ ಗವುಸು

ನದಿ ಸಮುದ್ರ ಸೇರುವ ಕಡೆ, ಸುತ್ತಲೂ ನೀರಿರುವ ಒಂದು ಕುರ್ವೆ. ಅದರ ಮೇಲೆ ಪರಮಯ್ಯ ಎಂಬ ಗುರುಗಳ ಆಶ್ರಮ, ಪಕ್ಕದಲ್ಲಿ ಕೆಲವು ಮನೆಗಳು. ಆಚೆ ದಡಕ್ಕೆ ಹೋಗಬೇಕೆಂದರೆ ಎಲ್ಲರಿಗೂ ಆಶ್ರಮದ ಹಾಯಿದೋಣಿಯೇ ಗತಿ.

ದೋಣಿಯನ್ನು ನೋಡಿಕೊಳ್ಳುವ ಕೆಲಸ ಶಿಷ್ಯ ವಿಠೋಬನದು. ಕೆಲಸದಲ್ಲಿ ಗಟ್ಟಿಗ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹಾಯಿ ಇಳಿಸಿದ ಮೇಲೆ ಅದನ್ನು ಮಡಚಿ, ಅಡ್ಡಮರಕ್ಕೆ ಸುತ್ತಿ, ಮೇಲೆ ಕ್ಯಾನ್ವಾಸಿನ ಗವುಸು ಹೊದಿಸಿ ಕಟ್ಟುತ್ತಿದ್ದರು. ಆ ಗವುಸನ್ನು ಹೊಲಿದವನೂ ವಿಠೋಬನೇ. ಹೊಲಿದಾಗ ಅದು ಕಡುನೀಲಿ. ಬಿಸಿಲು ತಿಂದೂ ತಿಂದೂ ಈಗ ಬೂದಿಯೂ ಅಲ್ಲದ, ಬಿಳಿಯೂ ಅಲ್ಲದ ಒಂದು ಬಣ್ಣಕ್ಕೆ ಬಂದಿತ್ತು. ಮೇಲೆಲ್ಲ ಉಪ್ಪಿನ ಗೆರೆ, ಕಡಲಹಕ್ಕಿಗಳ ಹಿಕ್ಕೆ.

ಆಚೆ ದಡದಲ್ಲೊಂದು ದೊಡ್ಡ ಮಠ. ಅವರಿಗೂ ಒಂದು ದೋಣಿ ಇತ್ತು. ಅದರ ಗವುಸು ಅಚ್ಚ ಕೆಂಪು, ಅಂಚಿಗೆ ಕುಚ್ಚು ಬೇರೆ. ಆ ದೋಣಿ ವರ್ಷಕ್ಕೊಮ್ಮೆ ನೀರಿಗಿಳಿದರೆ ಹೆಚ್ಚು. ಅಲ್ಲಿಯ ಶಿಷ್ಯರಿಗೆ ಮೆಟ್ಟಿಲ ಮೇಲೆ ಕೂತು ಹೋಗಿಬರುವವರನ್ನು ಆಡಿಕೊಳ್ಳುವುದೇ ಕೆಲಸ. ಇಂಥವರ ಕಥೆ ಹೇಳುವಾಗ ನನಗೇ ಮೈಯುರಿಯುತ್ತದೆ. ಎದುರಿಗೇ ನಿಂತು ಕೇಳಿಸಿಕೊಂಡ ವಿಠೋಬನ ಪಾಡು ಕೇಳಬೇಕೇ?

“ಏನಪ್ಪಾ, ನಿಮ್ಮ ಗುರುಗಳು ಹಳೇ ಪಂಚೆಯನ್ನು ದೋಣಿಗೆ ಉಡಿಸಿದ್ದಾರೋ?” ಎಂದ ಒಂದು ದಿನ ಅವರಲ್ಲೊಬ್ಬ.

“ಪಂಚೆಯಲ್ಲವೋ, ನೆಲ ಒರೆಸುವ ಬಟ್ಟೆ,” ಎಂದ ಇನ್ನೊಬ್ಬ.

ವಿಠೋಬ ಹಲ್ಲು ಕಚ್ಚಿಕೊಂಡು ದೋಣಿ ತಿರುಗಿಸಿದ. ಕುರ್ವೆ ಮುಟ್ಟಿದವನೇ ನೆಟ್ಟಗೆ ಹೋಗಿ ಗುರುಗಳ ಮುಂದೆ ನಿಂತ.

“ಗುರುಗಳೇ, ಹೊಸ ಗವುಸು ಹೊಲಿಯಬೇಕು. ಕ್ಯಾನ್ವಾಸು ತರಿಸಿಕೊಡಿ.”

“ಹಳೆಯದು ಹರಿದಿದೆಯಾ?”

“ಇಲ್ಲ.”

“ಸೋರುತ್ತದಾ?”

“ಇಲ್ಲ. ಮಾಸಿದೆ.”

“ಮಾಸಿದರೆ ಯಾರಿಗೆ ಕಷ್ಟ?”

“ನನಗೆ! ನಿಮಗೆ! ಆ ಸೋಮಾರಿಗಳು ನಿಮ್ಮನ್ನು ಎತ್ತಿ ಆಡಿ ನಗುತ್ತಾರೆ. ನಿಮಗೆ ಸ್ವಲ್ಪವೂ ಸಿಟ್ಟು ಬರುವುದಿಲ್ಲವೇ?”

“ಹಾಯಿ ಹೇಗಿದೆ?” ಎಂದರು ಗುರುಗಳು.

“ಹಾಯಿಗೇನಾಗಿದೆ? ಹಾಲಿನ ಹಾಗೆ ಬೆಳ್ಳಗಿದೆ. ನಾನು ಹೇಳುತ್ತಿರುವುದು ಗವುಸಿನ ಮಾತು.”

“ನಾನು ಕೇಳಿದ್ದೂ ಗವುಸಿನ ಮಾತೇ.”

ವಿಠೋಬನಿಗೆ ಮತ್ತಷ್ಟು ರೇಗಿತು. ಇಷ್ಟು ಅವಮಾನವಾಗಿದೆ, ಇವರಿಗೆ ಒಗಟು ಬೇಕಾಗಿದೆ! ಕಾಲು ಅಪ್ಪಳಿಸುತ್ತಾ ದೋಣಿಯ ಹತ್ತಿರ ಹೋದ.

ಸಿಟ್ಟಿನಲ್ಲೇ ಗವುಸನ್ನು ಕಿತ್ತು ನೆಲಕ್ಕೆ ಒಗೆದ. ಅದು ಮಗುಚಿ ಬಿತ್ತು. ಒಳಮೈ ಇನ್ನೂ ಕಡುನೀಲಿಯಾಗಿಯೇ ಇತ್ತು. ಬಿಸಿಲು ಅಲ್ಲಿಗೆ ತಲುಪಿರಲೇ ಇಲ್ಲ.

ಅರೆ, ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದುಕೊಂಡ.

ಹೊಲಿಗೆಗಳನ್ನೆಲ್ಲ ಬಿಚ್ಚಿದ. ಒಳಮೈಯನ್ನು ಹೊರಗೆ ಮಾಡಿ, ಹೊರಮೈಯನ್ನು ಒಳಗೆ ಮಾಡಿ ಮತ್ತೆ ಹೊಲಿದ. ತೊಳೆಯುವ ಗೋಜಿಗೆ ಹೋಗಲಿಲ್ಲ. ತೊಳೆದರೆ ಉಳಿದ ಬಣ್ಣವೂ ಹೋದೀತೆಂಬ ಹೆದರಿಕೆ. ಹೇಗಿದ್ದರೂ ಕೊಳೆ ಒಳಗೆ ಹೋಯಿತಲ್ಲ, ಯಾರು ನೋಡುತ್ತಾರೆ?

ಮರುದಿನ ಆಚೆ ದಡದಲ್ಲಿ ದೋಣಿ ಕಟ್ಟಿ, ಬೇಕೆಂದೇ ಗವುಸು ಹೊದಿಸಿ, ಪಕ್ಕದಲ್ಲಿ ಕೈಕಟ್ಟಿ ನಿಂತ. ಮಠದ ಶಿಷ್ಯರು ನೋಡಿದರು. ಮುಖ ತಿರುಗಿಸಿ ಬೇರೆ ಯಾರನ್ನೋ ಆಡಿಕೊಳ್ಳತೊಡಗಿದರು. ವಿಠೋಬನಿಗೆ ಅಂದು ಒಳ್ಳೆಯ ನಿದ್ದೆ ಬಂತು.

ಅಷ್ಟರಲ್ಲಿ ಮಳೆಗಾಲ ಬಂತು. ಮಳೆಯಲ್ಲಿ ಆ ನದಿ ಕೆಂಪಾಗಿ ನುಗ್ಗುತ್ತದೆ, ಯಾರೂ ದಾಟುವುದಿಲ್ಲ. ದೋಣಿಯನ್ನು ದಡಕ್ಕೆಳೆದು, ಹಾಯಿಗೆ ಗವುಸು ಬಿಗಿದು ಅಲ್ಲೇ ಬಿಡುವುದು ರೂಢಿ. ಹಾಯಿಯನ್ನು ಗುಡಿಸಲೊಳಗೆ ಇಟ್ಟರೆ ಇಲಿ ಕಡಿಯುತ್ತದೆ.

ದೋಣಿ ಎಳೆಯುವ ದಿನ ಕುರ್ವೆಯ ಹೊನ್ನಿ ಬಂದು ನಿಂತಳು. ಅವಳ ಮಗಳನ್ನು ಆಚೆ ದಡಕ್ಕೆ ಕೊಟ್ಟಿತ್ತು.

“ತಮ್ಮಾ, ಮಗ್ಳು ತುಂಬಿದ ಬಸ್ರಿ. ಈಗ ಹೋದ್ರೆ ಮಳೆ ಮುಗಿಯೂವರೆಗೆ ಅಲ್ಲೇ ಉಳೀಬೇಕು. ಇಲ್ಲಿ ಅತ್ತೆ ಹಾಸಿಗೆ ಹಿಡಿದದೆ, ಅಷ್ಟು ದಿನ ಬಿಟ್ಟಿರೂಕೆ ಆಗುದಿಲ್ಲ. ಮಳೆ ಬಿಟ್ಟ ಕೂಡ್ಲೆ ಮೊದಲ ದೋಣಿಗೆ ನಾ ಬತ್ತೆ. ಹೋಗಿ ಮುಖ ನೋಡ್ಕೊಂಡು ಬರ್ಬೇಕು.”

“ಮೊದಲ ದೋಣಿ ನಿನ್ನದೇ ಅಕ್ಕಾ,” ಎಂದ ವಿಠೋಬ.

ಅವಳು ಹೋದ ಮೇಲೆ ಗವುಸನ್ನು ನೆರಿಗೆ ಹಿಡಿದು ಕಟ್ಟಿದ. ಗಂಟುಗಳೆಲ್ಲ ಒಂದೇ ಸಾಲಿಗೆ ಬರುವ ಹಾಗೆ ನೋಡಿಕೊಂಡ. ದೂರ ನಿಂತು ನೋಡಿದ. ಇಡೀ ನದಿಯಲ್ಲಿ ಅಂಥ ಗವುಸು ಇನ್ನೊಂದಿರಲಿಲ್ಲ.

ಆ ಮಳೆಗಾಲ ಗುರುಗಳಿಗೆ ಮಂಡಿನೋವು. ಜಾರುವ ದಡಕ್ಕೆ ಇಳಿಯಲಾರರು. ಬಿಸಿಲು ಇಣುಕಿದಾಗಲೆಲ್ಲ ಕೇಳುತ್ತಿದ್ದರು.

“ವಿಠೋಬಾ, ಗವುಸು ಬಿಚ್ಚಿ ಹಾಯಿಗೆ ಗಾಳಿ ಆಡಿಸಿದೆಯಾ?”

“ಎಲ್ಲ ಚೆನ್ನಾಗಿದೆ ಗುರುಗಳೇ.”

ಚೆನ್ನಾಗಿಯೇ ಕಾಣುತ್ತಿತ್ತು. ಅಷ್ಟು ಚೆಂದದ ಗಂಟುಗಳನ್ನು ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ.

ಮಳೆ ಬಿಟ್ಟಿತು. ಮೊದಲ ದಿನವೇ ಹೊನ್ನಿ ಗಂಟು ಹಿಡಿದು ದಡಕ್ಕೆ ಬಂದಳು. ಗಂಟಿನಲ್ಲಿ ಮಗುವಿಗೆಂದು ಮೆತ್ತಗಿನ ಹಳೆಯ ಸೀರೆಯ ತುಂಡುಗಳು, ಬಾಣಂತಿಗೆ ಲೇಹ್ಯ. ಹೆರಿಗೆ ಹೇಗಾಯಿತೋ, ತಾಯಿ ಮಗು ಹೇಗಿದ್ದಾರೋ, ಒಂದೂ ಅವಳಿಗೆ ಗೊತ್ತಿರಲಿಲ್ಲ. ರಾತ್ರಿಯಿಡೀ ನಿದ್ದೆ ಮಾಡದ ಕಣ್ಣು. ಗುರುಗಳೂ ಕೋಲೂರಿಕೊಂಡು ಬಂದಿದ್ದರು.

ವಿಠೋಬ ಗವುಸಿನ ಗಂಟು ಬಿಚ್ಚಿದ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಹಾಲಿನಂಥ ಹಾಯಿ ಕಪ್ಪು ಕಪ್ಪಾಗಿ ಗವುಸಿಗೆ ಅಂಟಿಕೊಂಡಿತ್ತು. ಬಿಡಿಸಿ ಮೇಲಕ್ಕೆ ಎಳೆದ. ಅದು ಒದ್ದೆ ಹಪ್ಪಳದ ಹಾಗೆ ಕಿತ್ತು ಬಂತು.

ಗುರುಗಳು ಗವುಸನ್ನು ಮಗುಚಿ ಒಳಮೈ ಮುಟ್ಟಿದರು. ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ತಾಗಿಸಿ ಥೂ ಎಂದು ಉಗುಳಿದರು. ಉಪ್ಪು ಮಳೆಗಾಲವಿಡೀ ಬೆವರಿ ಹಾಯಿಯನ್ನು ತೇವದಲ್ಲೇ ಇಟ್ಟಿತ್ತು.

“ಇದನ್ನು ತಿರುಗಿಸಿದ್ದು ಯಾರು?”

ಗುರುಗಳ ದನಿ ಹಾಗೆ ಏರಿದ್ದನ್ನು ಕುರ್ವೆಯಲ್ಲಿ ಯಾರೂ ಕೇಳಿರಲಿಲ್ಲ.

“ನಾನೇ. ಮಾಸಿದ್ದು ಕಾಣಬಾರದೆಂದು…”

“ಬಿಸಿಲು, ಉಪ್ಪು, ಹಕ್ಕಿಯ ಹೊಲಸು, ಎಲ್ಲವನ್ನೂ ಈ ಬಡ ಬಟ್ಟೆ ಹೊರಗೇ ತಡೆದು ನಿಲ್ಲಿಸಿತ್ತು. ಅಷ್ಟನ್ನೂ ನೀನು ಒಳಗೆ ತಂದು ಹಾಯಿಯ ಮೈಗೆ ಬಿಗಿದು ಕಟ್ಟಿದೆಯಲ್ಲೋ!”

“ಅವರು ನಕ್ಕರು ಗುರುಗಳೇ…”

“ನಕ್ಕಿದ್ದು ಆ ದಡದಲ್ಲಿ. ಕೊಳೆತದ್ದು ಇಲ್ಲಿ.”

ವಿಠೋಬನ ಕಣ್ಣಲ್ಲಿ ನೀರು ಬಂತು. ಆದರೂ ಸಿಟ್ಟು ಇಳಿಯಲಿಲ್ಲ. “ಈಗ ನೀವೂ ಸಿಟ್ಟು ಮಾಡುತ್ತಿದ್ದೀರಿ. ನನಗೆ ಮಾತ್ರ ಬರಬಾರದೇ?”

“ನನ್ನ ಸಿಟ್ಟು ಇಗೋ, ಇವಳ ಸಲುವಾಗಿ. ನಿನ್ನದು ಯಾರ ಸಲುವಾಗಿ ಬಂದಿತ್ತು?”

ವಿಠೋಬ ಹೊನ್ನಿಯನ್ನು ನೋಡಿದ.

ಹೊನ್ನಿ ಗುರುಗಳ ಕಡೆ ತಿರುಗಿದಳು. “ಈ ಹುಡುಗನ್ನ ಬೈಯುದು ಹಾಂಗಿರ್ಲಿ ಅಯ್ಯಾ. ನೀವಾದ್ರೂ ಒಂದ್ಸಲ ಯಾರ್ದಾದ್ರೂ ಕೈ ಹಿಡ್ಕಂಡು ಬಂದು ನೋಡ್ಬೇಕಾಗಿತ್ತಲ್ಲ? ಮಳೆಗಾಲ ಇಡೀ ದಿನ ಎಣಿಸ್ದವಳು ನಾನು!”

ಗುರುಗಳು ತಲೆ ತಗ್ಗಿಸಿದರು.

“ಹೌದು ಹೊನ್ನಿ. ಕೇಳಿದೆ, ಬಂದು ನೋಡಲಿಲ್ಲ. ತಪ್ಪು ನನ್ನದೂ ಇದೆ.”

ಆಮೇಲೆ ಹುಟ್ಟುಗಳನ್ನು ಎತ್ತಿ ವಿಠೋಬನ ಕೈಗೆ ಕೊಟ್ಟರು. ತಾವು ಹೋಗಿ ಚುಕ್ಕಾಣಿ ಹಿಡಿದು ಕೂತರು.

“ದೋಣಿ ಹತ್ತು ಹೊನ್ನಿ. ಹೊತ್ತು ಹಿಡಿಯುತ್ತದೆ, ಆದರೂ ಮುಟ್ಟಿಸುತ್ತೇವೆ.”

ಹಾಯಿ ಇದ್ದಿದ್ದರೆ ಎಲೆಯಡಿಕೆ ಹಾಕಿ ಮುಗಿಸುವಷ್ಟರಲ್ಲಿ ಆಚೆ ದಡ. ಹುಟ್ಟು ಹಾಕಿ ಆ ಸೆಳೆತವನ್ನು ದಾಟುವುದೆಂದರೆ ತೋಳು ಕಿತ್ತು ಬರುತ್ತದೆ. ನದಿಯಲ್ಲಿ ಮಳೆನೀರಿನ ರಭಸ ಇನ್ನೂ ಇಳಿದಿರಲಿಲ್ಲ. ದೋಣಿ ಒಂದು ಮಾರು ಮುಂದೆ ಹೋದರೆ ಅರ್ಧ ಮಾರು ಸಮುದ್ರದ ಕಡೆ ಸರಿಯುತ್ತಿತ್ತು. ಬಿಸಿಲು ಏರಿತು. ಗುರುಗಳು ಗವುಸಿನ ಮಾಸಿದ ಮೈಯನ್ನು ಮೇಲೆ ಮಾಡಿ, ಹೊನ್ನಿಯ ತಲೆಯ ಮೇಲೆ ನೆರಳಿಗೆ ಕಟ್ಟಿದರು.

ಮಠದ ಮೆಟ್ಟಿಲುಗಳು ಹತ್ತಿರವಾದವು. ಎಂದಿನಂತೆ ಅವರು ಅಲ್ಲೇ ಕೂತಿದ್ದರು.

“ನೋಡ್ರೋ, ಹಾಯಿಯೂ ಹೋಯಿತು ಇವರದ್ದು!”

“ನೆಲ ಒರೆಸುವ ಬಟ್ಟೆ ಮಾತ್ರ ಗಟ್ಟಿಯಾಗಿದೆ!”

ವಿಠೋಬ ಹುಟ್ಟು ಬಿಟ್ಟು ಎದ್ದು ನಿಂತ. ಅವನ ಕೈಗಳಲ್ಲಿ ಬೊಬ್ಬೆ ಒಡೆದು ರಕ್ತ ಬರುತ್ತಿತ್ತು.

“ಕೂತು ತಿನ್ನುವ ದಂಡಪಿಂಡಗಳಾ! ಗಂಡಸರಾದರೆ ನೀರಿಗೆ ಇಳಿಯಿರೋ!”

ಅವರು ಇನ್ನಷ್ಟು ನಕ್ಕರು. ದೋಣಿಯ ಮೂತಿ ಮೆಲ್ಲಗೆ ಸಮುದ್ರದ ಕಡೆ ತಿರುಗತೊಡಗಿತು. ಇಷ್ಟು ಹತ್ತಿರ ಬಂದಿದ್ದ ದಡ ದೂರವಾಗುತ್ತಾ ಹೋಯಿತು.

“ನಿನ್ ಸಿಟ್ಟಿಗೆ ಬೆಂಕಿ ಬೀಳ್ಲಿ!” ಹೊನ್ನಿ ಗಂಟನ್ನು ಎದೆಗೆ ಅವುಚಿಕೊಂಡು ಕಿರುಚಿದಳು. “ನನ್ ಮಗ್ಳು ಆ ಬದಿಗದೆ, ಸಮುದ್ರದಲ್ಲಲ್ಲ!”

ವಿಠೋಬ ಗುರುಗಳ ಕಡೆ ತಿರುಗಿದ. ಸಿಟ್ಟಿಗೂ ಅಳುವಿಗೂ ಅವನ ದನಿ ಒಡೆದಿತ್ತು.

“ನೀವೇ ಹೇಳಿ ಗುರುಗಳೇ! ಇಂಥ ಮಾತು ಕೇಳಿಸಿಕೊಂಡೂ ನಾನು ಸುಮ್ಮನಿರಬೇಕೇ?”

ಗುರುಗಳು ಎರಡೂ ಕೈಯಿಂದ ಚುಕ್ಕಾಣಿಯನ್ನು ಒತ್ತಿ ಹಿಡಿದಿದ್ದರು. ಅವರ ಮುಖವೂ ಸಿಟ್ಟಿನಿಂದ ಕೆಂಪಾಗಿತ್ತು.

“ಸುಮ್ಮನಿರು ಅಂದವರು ಯಾರು? ಬಾಯಿತುಂಬ ಬೈ. ಕೂತು, ಹುಟ್ಟು ಹಾಕುತ್ತಾ ಬೈ.”